ಬೇಡ, ಕೊಲ್ಲು, ನಾನು

ಕರ್ನಾಟಕದಲ್ಲಿ ಟಿವಿಯನ್ನು ಮೊದಲು ನೋಡಿದವರು ಬೆಂಗಳೂರಿನವರು ಎಂದು ನಂಬಿರುವವರಿಗೆ ಒಂದು ದಿನಾಂಕ ಹೇಳಬೇಕು: 1975ರ ಆಗಸ್ಟ್ 1. ಅಂದು ಶುರುವಾದ ಒಂದು ಪ್ರಯೋಗದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಿಗೆ ಟಿವಿ ಪೆಟ್ಟಿಗೆ ಬಂತು. ಊರವರೆಲ್ಲ ಒಂದೆಡೆ ಸೇರಿ ನೋಡಲಿ ಎಂದು ಇಟ್ಟ ಆ ಪೆಟ್ಟಿಗೆ ಕನ್ನಡ ಮಾತಾಡಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲು ಬಿಸಿಲುನಾಡಿನ ಹಳ್ಳಿಗಳು ಟಿವಿ ನೋಡಿದವು, ಅದೂ ನೇರವಾಗಿ ಆಕಾಶದಿಂದ.

ಪ್ರಯೋಗದ ಹೆಸರು ‘ಸೈಟ್’. ಉಪಗ್ರಹದ ಮೂಲಕ ಶಿಕ್ಷಣ ಕೊಡುವ ಪರೀಕ್ಷೆ. ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಗೂ 1969ರಲ್ಲಿ ಒಪ್ಪಂದವಾಗಿತ್ತು. ಕನಸು ಕಂಡ ವಿಕ್ರಮ್ ಸಾರಾಭಾಯ್ 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದಲ್ಲಿ ಯಶ್ ಪಾಲ್ ಮತ್ತು ಸಂಗಡಿಗರು ಅದನ್ನು ನಿಜ ಮಾಡಿದರು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕಾಣುವ ಜಾಗಕ್ಕೆ ಸರಿಸಿ ನಿಲ್ಲಿಸಲಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು, ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ತಂತಿಬಲೆಯ ದೊಡ್ಡ ತಟ್ಟೆಯೊಂದು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತಿತ್ತು.

ಈ ಪ್ರಯೋಗವನ್ನು ಕೊಲಂಬೊದಲ್ಲಿ ಕೂತು ನೋಡುತ್ತಿದ್ದವರು ಒಬ್ಬರಿದ್ದರು. ವಿಜ್ಞಾನ ಕಥೆಗಳ ಆರ್ಥರ್ ಸಿ. ಕ್ಲಾರ್ಕ್. ಭೂಮಿಯ ಸುತ್ತಿನ ಜೊತೆಗೇ ಸುತ್ತುತ್ತ, ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳಿಂದ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದು ಎಂದು 1945ರ ಅಕ್ಟೋಬರಿನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಬರೆದವರು ಅವರು. ಮೂವತ್ತು ವರ್ಷದ ನಂತರ ಇಸ್ರೊ ಎಂಜಿನಿಯರುಗಳು ಅವರ ಮನೆಗೇ ಹೋಗಿ ಒಂದು ತಟ್ಟೆ, ಒಂದು ಪೆಟ್ಟಿಗೆ ಕೂಡಿಸಿಕೊಟ್ಟರು. ಕಥೆಗಾರನ ಕಲ್ಪನೆ ಬಿಜಾಪುರದ ಜೋಳದ ಹೊಲಗಳ ನಡುವೆ ಕನ್ನಡದಲ್ಲಿ ಗೊಬ್ಬರದ ಮಾತು ಹೇಳುತ್ತಿತ್ತು.

ಈ ಪ್ರಬಂಧಕ್ಕೆ ಬೇಕಾದ ಇನ್ನೊಂದು ವಿವರ ಇದೆ. ಆ ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳಿಸಬಲ್ಲದಾಗಿತ್ತು. ನೋಡುವುದು ಒಂದೇ, ಕೇಳುವ ಭಾಷೆ ಎರಡು. ತಂತ್ರಜ್ಞಾನದ ಮಟ್ಟಿಗೆ 1975ರಲ್ಲೇ ಪ್ರಶ್ನೆ ಮುಗಿದಿತ್ತು. ಆದರೂ ಮುಂದಿನ ನಾಲ್ಕು ದಶಕ ವಿಜ್ಞಾನ ಕಥೆಯ ಟಿವಿ ನಮ್ಮೊಂದಿಗೆ ಮಾತಾಡಿದ್ದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಯಾಕೆ ಹಾಗಾಯಿತು, ಅದರಿಂದ ನಾವು ಏನು ಕಳೆದುಕೊಂಡೆವು ಎಂಬುದನ್ನು ಸ್ಟಾರ್ ಟ್ರೆಕ್ ಸರಣಿಯ ಮೂರು ಕಂತುಗಳನ್ನು ಹಿಡಿದು ನೋಡೋಣ. ಮೂರನ್ನೂ ನಾನು ಇಂಗ್ಲಿಷಿನಲ್ಲೇ ನೋಡಿದ್ದು. ಅನುವಾದದ ಕಸುಬಿನವಳಾದ್ದರಿಂದ ನೋಡುವಾಗಲೇ ಮನಸ್ಸಿನೊಳಗೆ ಕನ್ನಡ ಓಡುತ್ತಿರುತ್ತದೆ. ಆ ಒಳಗಿನ ಕನ್ನಡ ಎಲ್ಲೆಲ್ಲಿ ಎಡವಿತು ಎಂಬುದೇ ಇಲ್ಲಿನ ವಿಷಯ.

ಆಕಾಶದಿಂದ ಬಂದ ಹಿಂದಿ

1976ರ ಜುಲೈ 31ಕ್ಕೆ ಸೈಟ್ ಮುಗಿಯಿತು. ಉಪಗ್ರಹವನ್ನು ಅಮೆರಿಕ ವಾಪಸ್ ಕರೆಸಿಕೊಂಡಿತು. ಮರುವರ್ಷ ಗುಲ್ಬರ್ಗಾಕ್ಕೆ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. 1982ರಲ್ಲಿ ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ಬಣ್ಣವೂ ಬಂತು. ದೇಶಕ್ಕೆಲ್ಲ ಒಂದೇ ಸಂಜೆ, ಒಂದೇ ಭಾಷೆ.

ಎಂಬತ್ತರ ದಶಕದಲ್ಲಿ ದೂರದರ್ಶನ ಹಳೆಯ ಸ್ಟಾರ್ ಟ್ರೆಕ್ ತೋರಿಸಿತು, ಇಂಗ್ಲಿಷಿನಲ್ಲಿ. ‘ಸ್ಪೇಸ್ ಸಿಟಿ ಸಿಗ್ಮಾ’ ಬಂತು, ಹಿಂದಿಯಲ್ಲಿ. 1989ರಲ್ಲಿ ಕಾಲಯಾನದ ‘ಇಂದ್ರಧನುಷ್’, 1998ರಲ್ಲಿ ಕೇತನ್ ಮೆಹ್ತಾ ಅವರ ‘ಕ್ಯಾಪ್ಟನ್ ವ್ಯೋಮ್’, ಎರಡೂ ಹಿಂದಿ. ನನ್ನ ವಯಸ್ಸಿನವರು ಮಿಲಿಂದ್ ಸೋಮನ್ ಅವರನ್ನು ಮೊದಲು ಕಂಡದ್ದೇ ಆಕಾಶನೌಕೆಯಲ್ಲಿ. ನಾವು ಆಟಕ್ಕೆ ನಿಂತಾಗ ಶತ್ರುಗ್ರಹದವರು ಹಿಂದಿಯಲ್ಲಿ ಗದರಿಸುತ್ತಿದ್ದರು, ಗೆದ್ದ ಮೇಲೆ ಮಾತ್ರ ಎಲ್ಲರೂ ಕನ್ನಡಕ್ಕೆ ಇಳಿಯುತ್ತಿದ್ದರು.

ಕನ್ನಡಕ್ಕೆ ಧ್ವನಿ ಕೂಡಿಸಲು ಅಡ್ಡಿಯಾಗಿದ್ದು ಒಂದು ಕಟ್ಟುಪಾಡು. ಅರವತ್ತರ ದಶಕದ ಮೊದಲರ್ಧದಲ್ಲಿ ಡಬ್ಬಿಂಗ್ ವಿರೋಧಿ ಚಳವಳಿ ನಡೆಯಿತು. ಅನಕೃ, ಮ. ರಾಮಮೂರ್ತಿ, ರಾಜ್‌ಕುಮಾರ್ ಅದರ ಮುಂದಿದ್ದರು. ಅಂದಿನ ಸ್ಥಿತಿ ನೆನೆದರೆ ಅವರ ಆತಂಕ ಅರ್ಥವಾಗುತ್ತದೆ. ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೊಗಳನ್ನು ನಂಬಿ ಬದುಕುತ್ತಿದ್ದವು. ಮಾರುಕಟ್ಟೆ ಚಿಕ್ಕದು. ತಯಾರಾದ ತೆಲುಗು, ತಮಿಳು ಚಿತ್ರಕ್ಕೆ ಅಗ್ಗದಲ್ಲಿ ಕನ್ನಡ ಅಂಟಿಸಿ ಬಿಟ್ಟಿದ್ದರೆ ಕನ್ನಡದ ನಟರಿಗೆ, ಬರಹಗಾರರಿಗೆ, ಲೈಟ್‌ಬಾಯ್‌ಗೆ ಕೆಲಸ ಉಳಿಯುತ್ತಿರಲಿಲ್ಲ. ಕಾನೂನಿನ ಬಲವಿಲ್ಲದಿದ್ದರೂ ಆ ನಿಷೇಧ ಕಾನೂನಿಗಿಂತ ಗಟ್ಟಿಯಾಗಿ ನಿಂತಿತು, ಚಿತ್ರಮಂದಿರದಿಂದ ಟಿವಿಗೂ ದಾಟಿತು.

ಅದರ ಬೆಲೆ ಕಾಣಿಸಿದ್ದು ತಡವಾಗಿ. 2012ರಲ್ಲಿ ಆಮಿರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೆ’ ನೆರೆಯ ಭಾಷೆಗಳಲ್ಲಿ ಟಿವಿಯ ಮೇಲೆ ಬಂತು, ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗಿಗೆ ತಡೆ ಒಡ್ಡುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಹೇಳಿತು. 2017ರಲ್ಲಿ ತಮಿಳು ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಲ್ಲಿ ಕನ್ನಡ ಮಾತಾಡಿತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡದ ವಾಹಿನಿಯಲ್ಲಿ ಬಂದಾಗ ನಮ್ಮಜ್ಜಿ ಎಂದೂ ತಪ್ಪಿಸಿಕೊಳ್ಳಲಿಲ್ಲ.

ಚಳವಳಿ ಮಾಡಿದವರು ಕೆಲಸವನ್ನೂ ಭಾಷೆಯನ್ನೂ ಉಳಿಸಲು ಹೊರಟರು, ಕೆಲಸವನ್ನು ಉಳಿಸಿದರು ಕೂಡ. ಭಾಷೆಯ ಲೆಕ್ಕ ಅಷ್ಟು ಸರಳವಲ್ಲ. ಡಬ್ಬಿಂಗ್ ಎಂದರೆ ಒಂದು ಭಾಷೆ ತಾನು ಎಂದೂ ಹೇಳದಿದ್ದ ಮಾತನ್ನು ಹೇಳಲು ಒದ್ದಾಡುವ ಜಾಗವೂ ಹೌದು. ಪುಣೆಯಲ್ಲಿ ಕೂತು ನೋಡಿದರೆ ಇದು ಇನ್ನೂ ಎದ್ದು ಕಾಣುತ್ತದೆ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ‘ನಾರಾಯಣ ವಿನಾಯಕ ಜಗತಾಪ’ ಎಂಬ ಹೆಸರಿನಲ್ಲಿ ಕಪ್ಪುಕುಳಿಯ ಕಥೆಯೊಂದು ಬಂತು, ಬಹುಮಾನವನ್ನೂ ಗೆದ್ದಿತು. ಬರೆದವರು ಖಗೋಳವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರ್. ತಮ್ಮ ಇನಿಶಿಯಲ್ಲುಗಳನ್ನು ತಿರುಗುಮುರುಗು ಮಾಡಿ, ಅಕ್ಷರ ಗುರುತು ಸಿಗದಿರಲೆಂದು ಹೆಂಡತಿಯಿಂದ ಪ್ರತಿ ಮಾಡಿಸಿ ಕಳಿಸಿದ್ದರು. ಕನ್ನಡದಲ್ಲೂ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಯನ್ನು ಪುಟದ ಮೇಲೆ ಬೆಳೆಸಿದರು. ಆದರೆ ಪುಟದ ಮೇಲೆ ಗ್ರಹಾಂತರದವನ ಮಾತನ್ನು ‘ಎಂದನು’ ಎಂದು ಮುಗಿಸಬಹುದು. ತೆರೆಯ ಮೇಲೆ ಅವನು ಬಾಯಿ ತೆರೆಯಲೇಬೇಕು.

ಕಲ್ಲಿನ ಮೇಲೆ ಮೂರು ಪದ

‘ದಿ ಡೆವಿಲ್ ಇನ್ ದ ಡಾರ್ಕ್’. ಬರೆದವರು ಜೀನ್ ಎಲ್. ಕೂನ್. ಮೊದಲ ಪ್ರಸಾರ 1967ರ ಮಾರ್ಚ್ 9.

ಜೇನಸ್-6 ಎಂಬ ಗ್ರಹದಲ್ಲಿ ಗಣಿ. ಸುರಂಗಗಳಲ್ಲಿ ಕೆಲಸಗಾರರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಕೊಲ್ಲುತ್ತಿರುವುದು ಕಲ್ಲನ್ನು ಕರಗಿಸಿ ದಾರಿ ಮಾಡಿಕೊಂಡು ಹೋಗುವ ಒಂದು ಜೀವಿ, ಹೆಸರು ಹೋರ್ಟಾ. ಅದರ ಮೈ ಸಿಲಿಕಾನಿನದು, ಅಂದರೆ ಕಲ್ಲಿನ ಜಾತಿಯದು. ಕ್ಯಾಪ್ಟನ್ ಕರ್ಕ್ ಮತ್ತು ಸ್ಪಾಕ್ ಅದನ್ನು ಬೇಟೆಯಾಡಲು ಬರುತ್ತಾರೆ. ಕೊನೆಗೆ ತಿಳಿಯುವುದೇನೆಂದರೆ, ಗಣಿಯವರು ಕೆಲಸಕ್ಕೆ ಬಾರದ ಕಲ್ಲುಗುಂಡುಗಳೆಂದು ಒಡೆದು ಹಾಕುತ್ತಿದ್ದವು ಅದರ ಮೊಟ್ಟೆಗಳು. ಅದು ಕಾಯುತ್ತಿದ್ದ ತಾಯಿ.

ಈ ಕಂತು ಜನರ ನೆನಪಿನಲ್ಲಿ ಉಳಿದದ್ದು ನಡುವಿನ ಒಂದು ಘಟನೆಯಿಂದ. ಸ್ಪಾಕ್ ತನ್ನ ಮನಸ್ಸನ್ನು ಹೋರ್ಟಾದ ಮನಸ್ಸಿಗೆ ತಾಗಿಸಿದ ಮೇಲೆ, ಆ ಜೀವಿ ಕಲ್ಲಿನ ಮೇಲೆ ಹರಿದು ಮೂರು ಇಂಗ್ಲಿಷ್ ಪದಗಳನ್ನು ಸುಟ್ಟು ಬರೆಯುತ್ತದೆ. ಒಂದೊಂದಾಗಿ ಕನ್ನಡಕ್ಕೆ ಇಳಿಸಿದರೆ: ಬೇಡ, ಕೊಲ್ಲು, ನಾನು. ವ್ಯಾಕರಣವಿಲ್ಲ. ಕರ್ಕ್ ಗೊಂದಲಕ್ಕೆ ಬೀಳುತ್ತಾನೆ. ನನ್ನನ್ನು ಕೊಲ್ಲಬೇಡಿ ಎಂಬ ಮೊರೆಯೋ, ನಾನು ಕೊಲ್ಲುವುದಿಲ್ಲ ಎಂಬ ಮಾತೋ?

ಇಂಗ್ಲಿಷಿನಲ್ಲಿ ಈ ಗೊಂದಲ ಸುಲಭವಾಗಿ ಹುಟ್ಟುತ್ತದೆ, ಯಾಕೆಂದರೆ ಆ ಭಾಷೆಯಲ್ಲಿ ಯಾರು ಯಾರಿಗೆ ಮಾಡಿದರು ಎಂಬುದನ್ನು ಪದಗಳ ಜಾಗ ಹೇಳುತ್ತದೆ. ಜಾಗ ತಪ್ಪಿಸಿದರೆ ಅರ್ಥ ತೇಲುತ್ತದೆ. ಕನ್ನಡದಲ್ಲಿ ಆ ಕೆಲಸ ಪ್ರತ್ಯಯಗಳದು. ‘ನಾನು’ ಎಂದರೆ ಮಾಡುವವನು, ‘ನನ್ನನ್ನು’ ಎಂದರೆ ಮಾಡಿಸಿಕೊಳ್ಳುವವನು. ಎಲ್ಲಿ ಇಟ್ಟರೂ ಅಷ್ಟೆ. ಜೊತೆಗೆ ‘ಕೊಲ್ಲಬೇಡ’ ಎನ್ನಬೇಕೋ ‘ಕೊಲ್ಲಬೇಡಿ’ ಎನ್ನಬೇಕೋ? ಪ್ರಾಣ ಬೇಡುವಾಗಲೂ ನಮ್ಮ ಭಾಷೆ ಎದುರಿನವರ ಅಂತಸ್ತು ಕೇಳುತ್ತದೆ. ‘ಕೊಲ್ಲುವುದಿಲ್ಲ’ ಎಂದರೆ ಬರೀ ಮಾತು ಕೊಟ್ಟಂತೆ. ನಾವು ಎಲ್ಲಿ ಕಾಲಿಟ್ಟರೂ ಯಾವುದೋ ಒಂದು ಬಾಗಿಲು ಮುಚ್ಚಿಹೋಗುತ್ತದೆ.

ಹಳೆಯ ಕನ್ನಡದಲ್ಲಿ ಇನ್ನೊಂದು ದಾರಿ ಇತ್ತು. ಧಾತುವಿಗೆ ನೇರವಾಗಿ ಪುರುಷ ಪ್ರತ್ಯಯ ಹಚ್ಚಿದರೆ ನಿಷೇಧ. ಕೊಲ್ಲೆನು, ಕೊಲ್ಲೆ. ಒಂದೇ ಪದದಲ್ಲಿ ನಾನು, ಕೊಲ್ಲು, ಇಲ್ಲ ಮೂರೂ ಇವೆ. ‘ಒಲ್ಲೆ’ ಎನ್ನುವಾಗ ಇಂದಿಗೂ ನಾವು ಬಳಸುವುದು ಅದೇ ರಚನೆಯನ್ನು. ಕಲ್ಲನ್ನು ಸುಟ್ಟು ಬರೆಯಬೇಕಾದ ಜೀವಿಗೆ ಇಷ್ಟು ಚಿಕ್ಕ ಮಾತು ಅನುಕೂಲವೇ. ಆದರೆ ಕೊನೆಯ ಸ್ವರ ಸ್ವಲ್ಪ ಎಳೆದು ‘ಕೊಲ್ಲೇ’ ಆಯಿತೋ, ಬಾರೇ ಹೋಗೇ ಎಂದಂತೆ ಹೆಣ್ಣೊಬ್ಬಳಿಗೆ ಕೊಲ್ಲಲು ಹೇಳಿದ ಹಾಗಾಗುತ್ತದೆ. ಒಂದು ದೀರ್ಘ ಸಾಕು, ಪ್ರತಿಜ್ಞೆ ಹೋಗಿ ಆಜ್ಞೆ ಬರುತ್ತದೆ.

ಎಷ್ಟೋ ದಿನ ಇದನ್ನು ಉಜ್ಜಿ ಉಜ್ಜಿ ನಾನು ನಿಂತದ್ದು ಒಡೆದ ವಾಕ್ಯವೊಂದಕ್ಕೆ: ‘ಕೊಲೆ ಬೇಡ ನಾನು’. ಕೊಲೆ ಬೇಡ, ನಾನಿದ್ದೇನೆ ಎಂದು ಓದಿಕೊಳ್ಳಬಹುದು. ಕೊಲೆ ಬೇಡ, ನಾನು ಮಾಡಲಾರೆ ಎಂದೂ ಓದಿಕೊಳ್ಳಬಹುದು. ಬರೆದಿಟ್ಟ ಮೇಲೆ ಮೂರನೆಯದೂ ಕಂಡಿತು. ಕನ್ನಡದಲ್ಲಿ ‘ಬೇಡ’ ಎಂದರೆ ಬೇಟೆಗಾರ. ಕೊಲೆಬೇಡ ನಾನು. ಗಣಿಯ ಕೆಲಸಗಾರರು, ಸಂಗಾತಿಗಳನ್ನು ಕಳೆದುಕೊಂಡು ಕೈಯಲ್ಲಿ ಆಯುಧ ಹಿಡಿದು ನಿಂತವರು, ಆ ಕಲ್ಲನ್ನು ಓದಿದ್ದರೆ ಮೊದಲು ಹೊಳೆಯುತ್ತಿದ್ದುದು ಬಹುಶಃ ಇದೇ. ಕರ್ಕ್‌ನ ಎರಡು ಅರ್ಥಗಳಿಗೆ ಕನ್ನಡ ಭಯದ ಅರ್ಥವೊಂದನ್ನು ಸೇರಿಸಿ ಕೊಟ್ಟಿತು. ಮೂಲದಲ್ಲಿ ಇಲ್ಲದ್ದು, ಆದರೆ ಕಥೆಗೆ ಹೊಂದುವಂಥದ್ದು. ಡಬ್ಬಿಂಗ್ ನಡೆಯದಿದ್ದಾಗ ನಡೆಯದೇ ಹೋಗುವುದು ಇಂಥ ಒದ್ದಾಟ.

ಅದು, ಅವನು, ಅವರು

‘ದಿ ಮೆಷರ್ ಆಫ್ ಎ ಮ್ಯಾನ್’. 1989ರ ಫೆಬ್ರುವರಿ. ಬರೆದವರು ಮೆಲಿಂಡಾ ಸ್ನಾಡ್‌ಗ್ರಾಸ್, ಮೊದಲು ವಕೀಲಿಕೆ ಮಾಡುತ್ತಿದ್ದವರು. ಕಂತು ನಡೆಯುವುದೂ ನ್ಯಾಯಾಲಯದಲ್ಲಿ.

ಹೊಸ ನೌಕೆಯಲ್ಲಿ ಡೇಟಾ ಎಂಬ ಯಂತ್ರಮಾನವ ಅಧಿಕಾರಿಯಾಗಿದ್ದಾನೆ. ಮ್ಯಾಡಾಕ್ಸ್ ಎಂಬ ವಿಜ್ಞಾನಿಗೆ ಅವನನ್ನು ಬಿಚ್ಚಿ ನೋಡಬೇಕು, ಅವನಂಥ ಸಾವಿರ ಯಂತ್ರ ಮಾಡಬೇಕು. ಡೇಟಾ ಒಪ್ಪುವುದಿಲ್ಲ. ಒಪ್ಪದೆ ಇರುವ ಹಕ್ಕು ಅವನಿಗಿದೆಯೇ, ಅವನು ಸೇನೆಯ ಸೊತ್ತೇ, ಇದು ವ್ಯಾಜ್ಯ. ಕ್ಯಾಪ್ಟನ್ ಪಿಕಾರ್ಡ್ ಅವನ ಪರ ವಾದಿಸುತ್ತಾನೆ. ಅವನ ಗೆಳೆಯ ರೈಕರ್ ಬೇಡವೆಂದರೂ ವಿರುದ್ಧ ವಾದಿಸಬೇಕಾಗುತ್ತದೆ. ಎಲ್ಲರ ಕೆಲಸ ಮಾಡಿಕೊಡುವ, ಯಾರ ಲೆಕ್ಕಕ್ಕೂ ಬಾರದ ಜೀವಿಗಳ ಒಂದು ಇಡೀ ಪೀಳಿಗೆ ತಯಾರಾದರೆ ಅದಕ್ಕೆ ಚರಿತ್ರೆಯಲ್ಲಿ ಏನೆಂದು ಹೆಸರು ಎಂದು ಗೈನನ್ ಎಂಬ ಕಪ್ಪು ಹೆಣ್ಣುಮಗಳು ಪಿಕಾರ್ಡ್‌ಗೆ ಕೇಳುತ್ತಾಳೆ. ಉತ್ತರ ಗುಲಾಮಗಿರಿ.

ಮ್ಯಾಡಾಕ್ಸ್ ಉದ್ದಕ್ಕೂ ಡೇಟಾನನ್ನು ಕರೆಯುವುದು ವಸ್ತುವಿಗೆ ಬಳಸುವ ಸರ್ವನಾಮದಿಂದ. ತೀರ್ಪಿನ ನಂತರ ಅವನ ಬಾಯಿಂದ ಮೊದಲ ಸಲ ಮನುಷ್ಯನ ಸರ್ವನಾಮ ಬರುತ್ತದೆ, ನ್ಯಾಯಾಧೀಶೆ ಅದನ್ನು ಗುರುತಿಸಿ ಹೇಳುತ್ತಾಳೆ. ಇಡೀ ಮೊಕದ್ದಮೆ ಒಂದು ಸರ್ವನಾಮದಲ್ಲಿ ಮುಗಿಯುತ್ತದೆ.

ಇದನ್ನು ಕನ್ನಡಕ್ಕೆ ತರಲು ಕೂತರೆ ನಮ್ಮ ಕೈಯಲ್ಲಿರುವ ಮೆಟ್ಟಿಲು ಎರಡಲ್ಲ, ಮೂರು. ಅದು, ಅವನು, ಅವರು. ಡೇಟಾ ಲೆಫ್ಟಿನೆಂಟ್ ಕಮಾಂಡರ್. ಸಹೋದ್ಯೋಗಿಗಳು ಅವನನ್ನು ‘ಅವರು’ ಎಂದೇ ಕರೆಯಬೇಕು. ಹಾಗಿರುವಾಗ ಮ್ಯಾಡಾಕ್ಸ್ ‘ಅದು’ ಎಂದರೆ ಇಂಗ್ಲಿಷಿಗಿಂತ ದೊಡ್ಡ ಪೆಟ್ಟು. ಕೊನೆಯಲ್ಲಿ ಅವನು ಎಲ್ಲಿಗೆ ಏರಬೇಕು? ‘ಅವನು’ ಎಂದರೆ ಮನುಷ್ಯ ಎಂದು ಒಪ್ಪಿದ, ಸಮಾನ ಎಂದು ಒಪ್ಪಲಿಲ್ಲ. ‘ಅವರು’ ಎಂದರೆ ಎರಡೂ. ನಾನಾಗಿದ್ದರೆ ಮ್ಯಾಡಾಕ್ಸ್‌ನ ಬಾಯಲ್ಲಿ ‘ಅವನು’ ಇಟ್ಟು, ನ್ಯಾಯಾಧೀಶೆಯ ಬಾಯಲ್ಲಿ ‘ಅವರನ್ನು ನೀವು ಅದು ಅನ್ನಲಿಲ್ಲ’ ಎಂದು ಇಡುತ್ತೇನೆ. ಉಳಿದ ಮೆಟ್ಟಿಲು ಎಷ್ಟೆಂದು ನೋಡುವವರಿಗೆ ಕೇಳಲಿ.

ಅಕ್ಕಪಕ್ಕದ ಭಾಷೆಗಳಲ್ಲಿ ಇದೇ ಕಂತು ಬೇರೆ ಬೇರೆ ಕಡೆ ಎಡವುತ್ತದೆ. ಮರಾಠಿ, ಹಿಂದಿಗಳಲ್ಲಿ ಡೇಟಾ ‘ನಾನು ಹೋಗುತ್ತೇನೆ’ ಎಂದರೆ ಕ್ರಿಯಾಪದವೇ ಗಂಡೋ ಹೆಣ್ಣೋ ಹೇಳಿಬಿಡುತ್ತದೆ, ಯಂತ್ರಕ್ಕೆ ಬಾಯಿ ಬಿಡುವ ಮೊದಲೇ ಲಿಂಗ ಬೇಕು. ಕನ್ನಡದ ‘ನಾನು’ ಏನನ್ನೂ ಬಿಟ್ಟುಕೊಡುವುದಿಲ್ಲ. ತೆಲುಗಿನಲ್ಲಿ ‘ಅದಿ’ ಎಂದರೆ ವಸ್ತುವೂ ಆಗಬಹುದು, ಹೆಣ್ಣೂ ಆಗಬಹುದು. ಡೇಟಾ ಹೆಣ್ಣಿನ ರೂಪದಲ್ಲಿದ್ದಿದ್ದರೆ ಅಲ್ಲಿ ಆ ಕೊನೆಯ ದೃಶ್ಯವನ್ನೇ ಬೇರೆ ರೀತಿ ಕಟ್ಟಬೇಕಾಗುತ್ತಿತ್ತು. ತಮಿಳಿನ ತೊಲ್ಕಾಪ್ಪಿಯಂ ಎಲ್ಲ ನಾಮಪದಗಳನ್ನು ಉಯರ್ತಿಣೈ, ಅಃರಿಣೈ ಎಂದು ಎರಡು ಕುಲ ಮಾಡುತ್ತದೆ, ಮನುಷ್ಯರದು ಮೇಲಿನದು, ಉಳಿದದ್ದು ಕೆಳಗಿನದು. ಡೇಟಾನ ಮೊಕದ್ದಮೆಯನ್ನು ಆ ಪ್ರಾಚೀನ ವ್ಯಾಕರಣಕಾರನ ಮುಂದೆ ಇಟ್ಟಿದ್ದರೆ ಅವನಿಗೆ ಪ್ರಶ್ನೆ ತಕ್ಷಣ ಅರ್ಥವಾಗುತ್ತಿತ್ತು.

ಕನ್ನಡಿಗರು ಈ ಗಡಿಯನ್ನು ದಿನವೂ ದಾಟುತ್ತಿರುತ್ತೇವೆ. ಸೂರ್ಯ ಮುಳುಗಿದ ಎನ್ನುತ್ತೇವೆ, ನಕ್ಷತ್ರ ಮಿನುಗಿತು ಎನ್ನುತ್ತೇವೆ. ವಿಜ್ಞಾನದ ಪ್ರಕಾರ ಎರಡೂ ಒಂದೇ ಜಾತಿ, ಒಬ್ಬನಿಗೆ ಮಾತ್ರ ಪುರಾಣದ ಶಿಫಾರಸು ಇದೆ. ಮಗು ಅತ್ತಿತು ಎನ್ನುವಾಗ ‘ಅದು’ ಮುದ್ದು. ಕೆಲಸದವರ ಬಗ್ಗೆ ‘ಅದಕ್ಕೇನು ಗೊತ್ತಾಗುತ್ತೆ’ ಎನ್ನುವಾಗ ಅದೇ ‘ಅದು’ ತಿರಸ್ಕಾರ. ಗಂಡು ಹೆಣ್ಣೆಂಬ ಎರಡು ಖಾನೆಗೆ ಸೇರದವರಿಗೆ ನಮ್ಮ ಊರುಗಳಲ್ಲಿ ಯಾವ ಸರ್ವನಾಮ ಬಳಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಯಾರನ್ನು ಏಕವಚನದಲ್ಲಿ ಕರೆಯಬಹುದು, ಯಾರು ಬಹುವಚನಕ್ಕೆ ಅರ್ಹರು ಎಂಬುದರಲ್ಲಿ ಜಾತಿಯ, ಕೂಲಿಯ ಚರಿತ್ರೆಯೇ ಇದೆ. ಅಮೆರಿಕದ ಪ್ರೇಕ್ಷಕರಿಗೆ ಆ ಸರ್ವನಾಮ ಒಂದು ಚಮತ್ಕಾರದ ಮುಕ್ತಾಯ. ನಮ್ಮಲ್ಲಿ ಅದು ಮನೆಮನೆಯ ವಿಷಯ.

ಋಷ್ಯಮೂಕದಲ್ಲಿ ಸುಗ್ರೀವ

ಸ್ಟಾರ್ ಟ್ರೆಕ್ ಜಗತ್ತಿನಲ್ಲಿ ಒಂದು ಭಾಷಾಂತರ ಯಂತ್ರ ಇದೆ. ಅದು ಎಲ್ಲ ಭಾಷೆಗಳನ್ನೂ ಇಂಗ್ಲಿಷ್ ಮಾಡಿಕೊಡುತ್ತದೆ, ಆದ್ದರಿಂದ ಬಹುಪಾಲು ಕಂತುಗಳಲ್ಲಿ ಭಾಷೆ ಒಂದು ತೊಡಕೇ ಅಲ್ಲ. ಅದೇ ಸರಣಿಯವರು ಕ್ಲಿಂಗಾನ್ ಕುಲಕ್ಕೆ ಒಂದು ಭಾಷೆಯನ್ನೇ ಮಾಡಿಸಿದರು. ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿ ಕಟ್ಟಿದ ಆ ಭಾಷೆಯ ನಿಘಂಟು 1985ರಲ್ಲಿ ಬಂತು. ಅದರಲ್ಲಿ ನಮ್ಮ ಡಕಾರ, ಷಕಾರಗಳಂಥ ಧ್ವನಿಗಳಿವೆ, ಕರ್ತೃಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷರ ಕಿವಿಗೆ ಒರಟು ಎನಿಸಲಿ ಎಂದು ಆರಿಸಿದ ಧ್ವನಿಗಳು ಕನ್ನಡದವರ ಬಾಯಿಗೆ ಹುಟ್ಟಿನಿಂದ ಬಂದವು.

‘ಡಾರ್ಮಾಕ್’ ಎಂಬ ಕಂತಿನಲ್ಲಿ ಮಾತ್ರ ಆ ಯಂತ್ರ ಸೋಲುತ್ತದೆ. 1991ರ ಸೆಪ್ಟೆಂಬರ್ ಕೊನೆಯ ವಾರ ಬಂದದ್ದು, ಚಿತ್ರಕಥೆ ಜೋ ಮೆನಾಸ್ಕಿ ಅವರದು. ಟೇಮೇರಿಯನ್ ಎಂಬ ಜನ ಆಡುವ ಒಂದೊಂದು ಪದವನ್ನೂ ಯಂತ್ರ ಭಾಷಾಂತರಿಸುತ್ತದೆ. ಕೇಳಿಸುವುದು ಬರೀ ಹೆಸರುಗಳು, ಊರುಗಳು. ಇಂಥವನು ಇಂಥಲ್ಲಿ. ಇಂಥವನ ಕೈಗಳು ಅಗಲ. ಅವರು ಮಾತಾಡುವುದು ತಮ್ಮ ಕಥೆಗಳನ್ನು ನೆನಪಿಸುವ ಮೂಲಕ ಮಾತ್ರ. ಕಥೆ ಗೊತ್ತಿಲ್ಲದವರಿಗೆ ಪದ ಗೊತ್ತಿದ್ದೂ ಪ್ರಯೋಜನವಿಲ್ಲ. ಅವರ ನಾಯಕ ಡೇಥನ್, ಪಿಕಾರ್ಡ್‌ನನ್ನು ಒಂದು ನಿರ್ಜನ ಗ್ರಹಕ್ಕೆ ಎಳೆದುಕೊಂಡು ಹೋಗುತ್ತಾನೆ. ಅಲ್ಲಿ ಇಬ್ಬರೂ ಸೇರಿ ಒಂದು ಕ್ರೂರ ಮೃಗವನ್ನು ಎದುರಿಸಬೇಕು. ಅಪರಿಚಿತರಿಬ್ಬರು ಒಂದೇ ಮೃಗದ ಎದುರು ಗೆಳೆಯರಾದ ಅವರ ಹಳೆಯ ಕಥೆಯನ್ನು, ಹೇಳಲಾಗದ್ದರಿಂದ, ಡ
ೇಥನ್ ನಡೆಸಿಯೇ ತೋರಿಸುತ್ತಿದ್ದಾನೆ. ಅವನು ಸಾಯುತ್ತಿರುವಾಗ ಪಿಕಾರ್ಡ್ ಬೆಂಕಿಯ ಮುಂದೆ ಕೂತು ಗಿಲ್ಗಮೆಶನ ಕಥೆ ಹೇಳುತ್ತಾನೆ.

ಹಾಗೆ ಮಾತಾಡುವ ಭಾಷೆ ಇರಲು ಸಾಧ್ಯವೇ ಎಂದು ಭಾಷಾವಿಜ್ಞಾನದವರು ಈ ಕಂತನ್ನು ಚೆನ್ನಾಗಿಯೇ ಝಾಡಿಸುತ್ತಾರೆ. ಬಿಡಿಪದಗಳೇ ಇಲ್ಲದಿದ್ದರೆ ಮಕ್ಕಳಿಗೆ ಕಥೆ ಹೇಳುವುದು ಹೇಗೆ, ನೌಕೆಗೆ ಇಂತಿಷ್ಟು ಬೋಲ್ಟು ಬೇಕು ಎನ್ನುವುದು ಹೇಗೆ? ಎರಡನೆಯದಕ್ಕೆ ನನ್ನ ಬಳಿ ಉತ್ತರವಿಲ್ಲ. ಮೊದಲನೆಯದಕ್ಕೆ ಇದೆ. ಕುಂಭಕರ್ಣ ಎಂದು ಬೈಸಿಕೊಂಡ ಮಗುವಿಗೆ ರಾಮಾಯಣ ಗೊತ್ತಿರುವುದಿಲ್ಲ. ಭಗೀರಥ ಪ್ರಯತ್ನ ಎಂದು ಬರೆಯುವ ಎಷ್ಟು ಜನಕ್ಕೆ ಗಂಗೆಯನ್ನು ಯಾಕೆ ಇಳಿಸಿದ ಎಂಬುದು ನೆನಪಿದೆ? ತ್ರಿಶಂಕು ಸ್ಥಿತಿ, ಶಕುನಿ ಬುದ್ಧಿ, ಅಕ್ಷಯಪಾತ್ರೆ, ಎಲ್ಲವೂ ಮೊದಲು ಮಾತಾಗಿ ಬರುತ್ತವೆ, ಕಥೆ ಆಮೇಲೆ ಸಿಗುತ್ತದೆ, ಸಿಗದೆಯೂ ಇರಬಹುದು. ಕಿತ್ತೂರಿನ ಕಡೆ ‘ಮಲ್ಲಪ್ಪಶೆಟ್ಟಿ’, ಶ್ರೀರಂಗಪಟ್ಟಣದ ಕಡೆ ‘ಮೀರ್ ಸಾದಿಕ್’ ಎಂದರೆ ಬೈಗುಳ. ವಾಕ್ಯ ಪೂರ್ತಿ ಮಾಡುವ ಅಗತ್ಯವಿಲ್ಲ.

ಪುಣೆಯಲ್ಲಿ ನಾನೇ ಗ್ರಹಾಂತರದವಳು. ಬಂದ ಹೊಸದರಲ್ಲಿ ಮರಾಠಿ ಪದಗಳು ಗೊತ್ತಿದ್ದವು, ಮಾತು ಗೊತ್ತಿರಲಿಲ್ಲ. ಖರಾಡಿಯ ನಮ್ಮ ಕಟ್ಟಡದಲ್ಲಿ ನೀರಿನ ಟ್ಯಾಂಕರಿನ ವಿಷಯಕ್ಕೆ ನಡೆದ ಸಭೆಯೊಂದು ‘ಪಾನಿಪತ್’ ಆಯಿತು ಎಂದರು. 1761ರಲ್ಲಿ ಮರಾಠರು ಅಬ್ದಾಲಿಯ ಎದುರು ಸೋತ ಯುದ್ಧ ಇಲ್ಲಿ ಇಂದಿಗೂ ಸರ್ವನಾಶಕ್ಕೆ ಇನ್ನೊಂದು ಹೆಸರು. ಇನ್ನೊಬ್ಬರು ಯಾರದೋ ಸಂದೇಶದ ಬಗ್ಗೆ ‘ಧ ಚಾ ಮಾ’ ಮಾಡಿದ್ದಾರೆ ಎಂದರು. ಅಕ್ಷರಶಃ ಹೇಳಿದರೆ ಧ ಹೋಗಿ ಮ ಆಯಿತು, ಅಷ್ಟೆ. ಹಿಂದಿನ ಕಥೆ ಬಲ್ಲವರು ಮಾತ್ರ ನಕ್ಕರು.

ಕಥೆ ನಮ್ಮ ಊರಿನದೇ. 1773ರ ಆಗಸ್ಟ್ 30ರಂದು ಶನಿವಾರವಾಡೆಯಲ್ಲಿ ಹದಿಹರೆಯ ದಾಟುತ್ತಿದ್ದ ಪೇಶ್ವೆ ನಾರಾಯಣರಾಯನ ಕೊಲೆಯಾಯಿತು. ಚಿಕ್ಕಪ್ಪ ರಘುನಾಥರಾಯ ಕಾವಲುಗಾರರಿಗೆ ಕೊಟ್ಟ ಚೀಟಿಯಲ್ಲಿ ‘ಧರಾವೆ’ ಎಂದಿತ್ತು, ಅಂದರೆ ಹಿಡಿಯಬೇಕು. ಅವನ ಹೆಂಡತಿ ಆನಂದೀಬಾಯಿ ಒಂದಕ್ಷರ ತಿದ್ದಿ ‘ಮಾರಾವೆ’ ಮಾಡಿದಳು, ಅಂದರೆ ಕೊಲ್ಲಬೇಕು. ಚೀಟಿಯ ಭಾಗ ಜನಜನಿತ ಕಥೆ, ಕೊಲೆ ಮಾತ್ರ ಚರಿತ್ರೆ. ಭಾಷಾಂತರದ ಕಸುಬಿನವರೆಲ್ಲ ಮೇಜಿನ ಮುಂದೆ ಅಂಟಿಸಿಕೊಳ್ಳಬೇಕಾದ ಮಾತಿದು. ಹೋರ್ಟಾದ ಮೂರು ಪದಗಳನ್ನು ತಪ್ಪು ಓದಿದ್ದರೆ ಅಲ್ಲಿ ಆಗುತ್ತಿದ್ದುದೂ ಇದೇ.

‘ಡಾರ್ಮಾಕ್’ ಕನ್ನಡಕ್ಕೆ ಬಂದರೆ ಒಂದು ಆಸೆ ಹುಟ್ಟುತ್ತದೆ: ಅವರ ಕಥೆಗಳ ಜಾಗದಲ್ಲಿ ನಮ್ಮವನ್ನು ಇಟ್ಟುಬಿಡೋಣ ಎಂದು. ಇಬ್ಬರು ಅಪರಿಚಿತರು ಕಷ್ಟದ ಎದುರು ಗೆಳೆಯರಾದದ್ದು ನಮ್ಮಲ್ಲಿ ಇಲ್ಲವೇ? ರಾಮ ಮತ್ತು ಸುಗ್ರೀವ, ಋಷ್ಯಮೂಕದಲ್ಲಿ. ಎಷ್ಟು ಸೊಗಸಾಗಿ ಕೂರುತ್ತದೆ. ಆದರೆ ಹಾಗೆ ಮಾಡಿದ ಕ್ಷಣ ಕಂತು ಸತ್ತುಹೋಗುತ್ತದೆ. ನಾವು ಐದನೆಯ ನಿಮಿಷಕ್ಕೇ ಎಲ್ಲ ತಿಳಿದುಕೊಂಡು ಪಿಕಾರ್ಡ್‌ನ ಪೆದ್ದುತನಕ್ಕೆ ನಗುತ್ತೇವೆ. ಇಲ್ಲಿ ಭಾಷಾಂತರಕಾರನ ಕೆಲಸ ಅರ್ಥ ಮಾಡಿಸುವುದಲ್ಲ, ಅರ್ಥವಾಗದಿರುವುದನ್ನು ಜೋಪಾನವಾಗಿ ದಾಟಿಸುವುದು. ಅವರ ಹೆಸರುಗಳು ಹಾಗೇ ಇರಬೇಕು. ಬದಲಾಯಿಸಬಹುದಾದದ್ದು ಗಿಲ್ಗಮೆಶ್ ಒಂದೇ, ಅದನ್ನೂ ನಾನು ಬದಲಾಯಿಸುವುದಿಲ್ಲ. ಪಿಕಾರ್ಡ್ ಹೇಳುವುದು ತನಗೂ ದೂರದ, ಬೇರೆಯವರಿಂದ ಬಂದ ಕಥೆ. ಎರವಲು ಕಥೆಯೂ ಸಾಯುವವನಿಗೆ ಸಮಾಧಾನ ಕೊಡಬಹುದು ಎಂಬುದು ಅಲ್ಲಿನ ಮಾತು.

ಕರಂಟ್ ಐತಿ

ಖರಾಡಿ ಮೂವತ್ತು ವರ್ಷದ ಹಿಂದೆ ಮುಳಾ-ಮುಠಾ ನದಿಯ ದಂಡೆಯ ಹಳ್ಳಿ. ಈಗ ಇಯಾನ್ ಐಟಿ ಪಾರ್ಕಿನ ಗಾಜಿನ ಗೋಪುರಗಳು. ಆ ಗೋಪುರಗಳ ಒಳಗಿನ ಭಾಷೆ ಇಂಗ್ಲಿಷ್. ಹೊಸ ಗೋಪುರ ಏಳುತ್ತಿರುವ ಕಡೆ, ತಗಡಿನ ಶೆಡ್ಡುಗಳ ಸಾಲಿನಲ್ಲಿ, ಕನ್ನಡ ಕೇಳಿಸುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ. 1975ರಲ್ಲಿ ಆಕಾಶದಿಂದ ಕನ್ನಡ ಕೇಳಿದ ಸೀಮೆಯವರ ಮೊಮ್ಮಕ್ಕಳು.

ಗೂಗಲ್ಲಿನ ಭಾಷಾಂತರಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಸ್ಟಾರ್ ಟ್ರೆಕ್ಕಿನ ಯಂತ್ರ ಈಗ ಎಲ್ಲರ ಜೇಬಿನಲ್ಲಿದೆ, ನನ್ನ ಕೆಲಸದ ಬಹುಪಾಲು ಅದು ಮಾಡಿದ್ದನ್ನು ತಿದ್ದುವುದೇ ಆಗಿದೆ. ಕೆಲವು ತಿಂಗಳ ಹಿಂದೆ ಒಂದು ಕಟ್ಟಡ ಕಾಮಗಾರಿಯ ಸುರಕ್ಷತಾ ಫಲಕಗಳು ತಿದ್ದಲು ಬಂದವು. ತುರ್ತಿನಲ್ಲಿ ಯಂತ್ರ ನಿಲ್ಲಿಸುವ ಗುಂಡಿಗೆ ಇಂಗ್ಲಿಷಿನಲ್ಲಿ ‘ಕಿಲ್ ಸ್ವಿಚ್’ ಎನ್ನುತ್ತಾರೆ. ಕನ್ನಡದಲ್ಲಿ ಬಂದಿದ್ದುದು ‘ಕೊಲ್ಲುವ ಸ್ವಿಚ್’. ಕರಂಟು ಹರಿಯುವ ತಂತಿ ‘ನೇರಪ್ರಸಾರದ ತಂತಿ’ ಆಗಿತ್ತು. ಪದಕ್ಕೆ ಪದ ಸರಿ. ಕೈ ಮಿಲ್ಲರಿನಲ್ಲಿ ಸಿಕ್ಕಿಕೊಂಡಾಗ ಕೊಲ್ಲುವ ಸ್ವಿಚ್ ಎಂದು ಬರೆದದ್ದನ್ನು ಯಾರು ಒತ್ತುತ್ತಾರೆ?

ಶಿಷ್ಟ ಕನ್ನಡದಲ್ಲಿ ‘ವಿದ್ಯುತ್ ಪ್ರವಹಿಸುತ್ತಿದೆ, ಸ್ಪರ್ಶಿಸಬಾರದು’ ಎಂದು ಬರೆಯಬಹುದಿತ್ತು. ಅದು ಯಾರು ಯಾರಿಗೂ ಆಡದ ಮಾತು, ಅದರಲ್ಲಿ ಓದುವ ಮನುಷ್ಯನೇ ಇಲ್ಲ. ನಾನು ಕಳಿಸಿದ್ದು: ಕರಂಟ್ ಐತಿ, ಮುಟ್ಟಬ್ಯಾಡ್ರಿ. ಸ್ವಿಚ್ಚಿಗೆ: ಮಷೀನ್ ನಿಲ್ಲಸಾಕ ಇದನ್ನ ಒತ್ರಿ. ಫಲಕದಲ್ಲಿ ಆಡುಮಾತು ಚೆನ್ನಾಗಿರುವುದಿಲ್ಲ ಎಂದು ಆಕ್ಷೇಪ ಬಂತು, ‘ರಿ’ ಬೇಕಿಲ್ಲ, ಕೂಲಿಯವರಿಗೆ ಬರೆಯುವುದು ಎಂದೂ ಬಂತು. ಎರಡು ಸುತ್ತು ಪತ್ರ ಓಡಾಡಿ ಎರಡೂ ಉಳಿದವು. ‘ಅದು’ವಿನಿಂದ ‘ಅವರು’ವರೆಗಿನ ಮೆಟ್ಟಿಲು ಖರಾಡಿಯಲ್ಲಿ ಒಂದು ‘ರಿ’ಯಷ್ಟು ಎತ್ತರ.

ಮೂರು ಕಂತುಗಳನ್ನು ಯಾರಾದರೂ ಕನ್ನಡಕ್ಕೆ ತಂದರೆ ನೋಡುವವರಲ್ಲಿ ಈ ಶೆಡ್ಡುಗಳ ಮಕ್ಕಳೂ ಇರಲಿ ಎಂದು ನನ್ನ ಆಸೆ. ಕಲ್ಲಿನೊಳಗಿನ ತಾಯಿ, ಬಿಚ್ಚಿಸಿಕೊಳ್ಳಲು ಒಪ್ಪದ ಯಂತ್ರ, ಭಾಷೆ ಬಾರದ ಊರಿನಲ್ಲಿ ಗೆಳೆಯನನ್ನು ಹುಡುಕುವ ಡೇಥನ್, ಮೂರೂ ಅವರಿಗೆ ನನಗಿಂತ ಬೇಗ ಅರ್ಥವಾದಾವು.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ಊರಿನಲ್ಲಿ ಟೇಮೇರಿಯನ್ನರಂತೆ ಆಡುವ ಮಾತು ಇದ್ದೇ ಇರುತ್ತದೆ: ಒಂದು ಹೆಸರು, ಒಂದು ಜಾಗ, ಕೇಳಿದವರಿಗೆಲ್ಲ ಪೂರ್ತಿ ಅರ್ಥ, ಹೊರಗಿನವರಿಗೆ ಶೂನ್ಯ. ಈ ಪತ್ರಕ್ಕೆ ಉತ್ತರವಾಗಿ ಅದನ್ನು ಬರೆದು ಕಳಿಸಿ. ಹಿಂದಿನ ಕಥೆ ಗೊತ್ತಿದ್ದರೆ ಅದನ್ನೂ ಬರೆಯಿರಿ. ಗೊತ್ತಿಲ್ಲದಿದ್ದರೆ ಮನೆಯಲ್ಲಿ ಹಿರಿಯರು ಯಾರಾದರೂ ಇರುವಾಗಲೇ ಕೇಳಿಕೊಳ್ಳಿ.